ಕೇಳದೆ ಕೀಳಬಾರದು

ಆನವಟ್ಟಿಯ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಈಶ್ವರನ ಝೆರಾಕ್ಸ್ ಅಂಗಡಿ ಇತ್ತು. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದ್ದ, ಲ್ಯಾಮಿನೇಷನ್ ಮಾಡಿದ ಒಂದು ಹಾಳೆ. ‘ಕೇಳದೆ ಪೆನ್‌ಡ್ರೈವ್ ಕೀಳಬಾರದು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಗಿರಾಕಿಗಳು ಅದು ತಮಗೆ ಹೇಳಿದ ಮಾತು ಎಂದುಕೊಳ್ಳುತ್ತಿದ್ದರು. ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಅವನ ಹೆಂಡತಿ ನೀಲಾಂಬಿಕಳಿಗೆ ಹೇಳಿದ ಮಾತು ಅದು. ಟೈಪ್ ಮಾಡಿ, ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಗೋಡೆಗೆ ಅಂಟಿಸಿದವಳೂ ಅವಳೇ.

ಈಶ್ವರನ ಬಗ್ಗೆ ಆ ಬೀದಿಯಲ್ಲಿ ಯಾರನ್ನು ವಿಚಾರಿಸಿದರೂ ಬಂಗಾರದಂಥ ಮನುಷ್ಯ ಎನ್ನುತ್ತಿದ್ದರು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಹಿರಿಯರು ಬಂದರೆ ಎದ್ದು ನಿಲ್ಲುತ್ತಾನೆ, ಹಣೆಯ ವಿಭೂತಿ ಮಾಸುವುದಿಲ್ಲ. ಎಲ್ಲ ನಿಜವೇ. ಕುಡಿಯದೆ ಹೊಡೆಯುವವನು ಕುಡಿದು ಹೊಡೆಯುವವನಿಗಿಂತ ಕೆಟ್ಟವನು ಎಂದು ಊರಿಗೆ ಯಾರು ಬಿಡಿಸಿ ಹೇಳಬೇಕು? ಕುಡಿದವನ ಏಟಿಗೆ ಗುರಿ ಇರುವುದಿಲ್ಲ. ಈಶ್ವರ ಹಾಗಲ್ಲ, ನೋಡಿಕೊಂಡು ಹೊಡೆಯುತ್ತಿದ್ದ, ಮೊದಮೊದಲು ರವಿಕೆ ಮುಚ್ಚುವ ಕಡೆಗೇ ಹೊಡೆಯುತ್ತಿದ್ದ.

ನೀಲಾಂಬಿಕ ಶಿಕಾರಿಪುರದವಳು. ಅವಳ ಅಪ್ಪ ವೀರಬಸಪ್ಪನವರದು ಕಾಳುಕಡಿ ವ್ಯಾಪಾರ. ಪಿಯುಸಿ ಮುಗಿಸಿ ಅಲ್ಲಿಯೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತವಳು, ಕೀಲಿಮಣೆ ನೋಡದೆ ಪುಟಗಟ್ಟಲೆ ಹೊಡೆಯುತ್ತಿದ್ದಳು. ಹೆಣ್ಣು ನೋಡಲು ಬಂದ ಈಶ್ವರ ಅವಳ ಮುಖಕ್ಕಿಂತ ಕೈಯನ್ನೇ ಹೆಚ್ಚು ಹೊತ್ತು ನೋಡಿದ. ಅಂಗಡಿಗೆ ಸಂಬಳವಿಲ್ಲದ ಕೈ ಸಿಕ್ಕಿತು ಎಂದು ಅವನು ಲೆಕ್ಕ ಹಾಕುತ್ತಿದ್ದಾನೆಂದು ಆಗ ಯಾರಿಗೆ ಗೊತ್ತಿತ್ತು? ನಾಚಿಕೆಯ ಹುಡುಗ ಅಂದುಕೊಂಡರು.

ಮದುವೆಯಾದ ಮೂರನೇ ವರ್ಷ ಅಂಗಡಿಗೆ ಲಿನಕ್ಸ್ ಬಂತು. ಊರಿನವರ ಪೆನ್‌ಡ್ರೈವ್‌ಗಳೆಲ್ಲ ಬಂದು ಹೋಗುವ ಕಂಪ್ಯೂಟರು, ವೈರಸ್ ಹತ್ತಿ ಪದೇಪದೇ ಮಲಗುತ್ತಿತ್ತು. ಶಿಕಾರಿಪುರದಿಂದ ರಿಪೇರಿಗೆ ಬರುತ್ತಿದ್ದ ಹೇಮಂತ್ ಬೇಸತ್ತು, ಇದು ಯುನಿಕ್ಸ್ ವಂಶದ್ದು, ಅಷ್ಟು ಸುಲಭಕ್ಕೆ ಕಾಯಿಲೆ ಹತ್ತುವುದಿಲ್ಲ ಎಂದು, ಕಂಪ್ಯೂಟರನ್ನು ನಡೆಸುವ ಹಳೆಯ ತಂತ್ರಾಂಶ ತೆಗೆದು ಲಿನಕ್ಸ್ ಹಾಕಿಕೊಟ್ಟ. ಈಶ್ವರ ಒಂದು ಷರತ್ತು ಇಟ್ಟ. ಹಿಂದೆ ಕೆಲಸಕ್ಕಿದ್ದವನೊಬ್ಬ ಲಗ್ನಪತ್ರಿಕೆಯ ಡಿಸೈನ್‌ಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿ ಬೇರೆ ಅಂಗಡಿ ಸೇರಿದ್ದ. ಇನ್ನು ಮುಂದೆ ತನಗೆ ಗೊತ್ತಾಗದೆ ಒಂದು ಫೈಲೂ ಆಚೆ ಹೋಗಕೂಡದು ಎಂಬುದು ಅವನ ಹಟ.

“ಅಣ್ಣಾ, ಇದ್ರಲ್ಲಿ ಪೆನ್‌ಡ್ರೈವನ್ನ ಯಾರು ಹತ್ತಿಸ್ತಾರೋ ಅವ್ರೇ ಇಳಿಸ್ಬೇಕು,” ಎಂದ ಹೇಮಂತ್. “ನಿಮ್ ಹೆಸರಲ್ಲೇ ಹತ್ತೋ ಹಂಗೆ ಮಾಡಿಟ್ರೆ ಇಳಿಸಕ್ಕೂ ನಿಮ್ ಪಾಸ್‌ವರ್ಡೇ ಬೇಕಾಗ್ತದೆ. ದಿನಾ ಕೂತು ಕೆಲ್ಸ ಮಾಡೋರು ಅಕ್ಕ. ಇಳಿಸೋ ಅಧಿಕಾರ ಅಷ್ಟಾದ್ರೂ ಅವ್ರಿಗೆ ಕೊಡ್ರಿ. ಇಲ್ದಿದ್ರೆ ಯಾವತ್ತೋ ಒಂದಿನ ಗಡಿಬಿಡೀಲಿ ಕಿತ್ತುಬಿಡ್ತಾರೆ, ಫೈಲ್ ಹಾಳಾಗ್ತವೆ.”

“ಕಿತ್ರೆ ಕೈ ಮುರೀತೀನಿ ಬಿಡು,” ಎಂದು ಈಶ್ವರ ನಕ್ಕ.

ಹೇಮಂತನೂ ತಮಾಷೆ ಎಂದು ನಕ್ಕ. ನೀಲಾಂಬಿಕ ನಗಲಿಲ್ಲ.

ಪೆನ್‌ಡ್ರೈವಿನ ವ್ಯವಹಾರ ತಿಳಿಯದವರಿಗೆ ಒಂದು ಮಾತು. ಫೈಲ್ ಹಾಕಿದ ಮೇಲೆ ಪರದೆ ‘ಆಯಿತು’ ಎಂದರೂ ಒಳಗೆ ಆಗಿರುವುದಿಲ್ಲ. ಯಂತ್ರ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು ನಿಧಾನವಾಗಿ ಬರೆಯುತ್ತಿರುತ್ತದೆ. ಇಳಿಸು ಎಂದು ಹೇಳಿದಾಗ ಉಳಿದದ್ದನ್ನೆಲ್ಲ ಬರೆದು ಮುಗಿಸಿ, ಈಗ ತೆಗೆಯಬಹುದು ಎನ್ನುತ್ತದೆ. ಹೇಳದೆ ಕಿತ್ತರೆ ಎಷ್ಟೋ ಸಲ ಫೈಲಿನ ಹೆಸರಷ್ಟೇ ಹೋಗಿರುತ್ತದೆ, ಹೊಟ್ಟೆಯಲ್ಲಿ ಏನೂ ಇರುವುದಿಲ್ಲ.

ಹೀಗಾಗಿ ಒಂದೊಂದು ಪೆನ್‌ಡ್ರೈವಿಗೂ ನೀಲಾಂಬಿಕ ಗಂಡನನ್ನು ಕರೆಯಬೇಕು. ಅವನು ಎದುರಿನ ಚಹಾದಂಗಡಿಯಿಂದ ಎದ್ದು ಬರುತ್ತಿದ್ದ, ಕುರ್ಚಿಯಿಂದ ಅವಳನ್ನು ಭುಜದಲ್ಲೇ ತಳ್ಳುತ್ತಿದ್ದ, ಒಂದು ಕೈಯಿಂದ ಕೀಲಿಮಣೆ ಮರೆಮಾಡಿ ಇನ್ನೊಂದರಿಂದ ಪಾಸ್‌ವರ್ಡ್ ಒತ್ತುತ್ತಿದ್ದ. ಆಮೇಲೆ ಪೆನ್‌ಡ್ರೈವನ್ನು ತಾನೇ ತೆಗೆದು, ಪ್ರಸಾದ ಕೊಡುವವನ ಹಾಗೆ ಎರಡೂ ಕೈಯಲ್ಲಿ ಗಿರಾಕಿಗೆ ಕೊಡುತ್ತಿದ್ದ. ಅವಳ ಕೈಗೆ ಎಂದೂ ಕೊಡುತ್ತಿರಲಿಲ್ಲ. ಈ ಅಂಗಡಿಯಿಂದ ಏನೇ ಹೊರಗೆ ಹೋದರೂ ಅದು ತನ್ನ ಕೈಯಿಂದಲೇ ಹೋಗಬೇಕು ಎಂಬ ಜಂಬ ಅವನಿಗೆ.

ಹೇಮಂತ್ ಹೇಳಿದ ದಿನ ಬಂದೇ ಬಂತು. ಈಶ್ವರ ಪೇಪರ್ ತರಲು ಶಿಕಾರಿಪುರಕ್ಕೆ ಹೋಗಿದ್ದ, ಫೋನ್ ಎತ್ತಲಿಲ್ಲ. ಉಳವಿ ಕಡೆಯವರೊಬ್ಬರು ಜಮೀನಿನ ಅರ್ಜಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಬಸ್ ಹೊರಡುತ್ತದೆ ಎಂದು ಬಾಗಿಲಲ್ಲಿ ಒದ್ದಾಡುತ್ತಿದ್ದರು. ನೀಲಾಂಬಿಕ ಕಾದಳು, ಕಂಡ ದೇವರಿಗೆಲ್ಲ ಕೈಮುಗಿದಳು, ಕೊನೆಗೆ ಕಿತ್ತು ಕೊಟ್ಟಳು. ಸೊರಬಕ್ಕೆ ಹೋಗಿ ತೆರೆದರೆ ಖಾಲಿ. ಮರುದಿನ ಆ ಮನುಷ್ಯ ಬಂದು ಬೀದಿ ಕೇಳುವ ಹಾಗೆ ಕೂಗಾಡಿದ. ಈಶ್ವರ ಅವನ ಕೈ ಹಿಡಿದು ತಪ್ಪಾಯಿತು ಎಂದ, ಚಹಾ ಕುಡಿಸಿದ, ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದ. ಬಂದವನೇ ಶಟರ್ ಎಳೆದ.

ಪೇಪರ್ ಅಳೆಯುವ ಸ್ಟೀಲ್ ಸ್ಕೇಲನ್ನು ಅಂಚು ಕೆಳಗೆ ಮಾಡಿ ಹಿಡಿದು, ಅವಳ ಬೆರಳ ಗೆಣ್ಣುಗಳ ಮೇಲೆ ಹೊಡೆದ. ಕೈ ಹಿಂದಕ್ಕೆ ಎಳೆದುಕೊಂಡರೆ ಬೆನ್ನಿಗೆ ಹೊಡೆದ. ಆಮೇಲೆ ಅದೇ ಊದಿದ ಬೆರಳುಗಳಿಂದ ಆ ಸಾಲನ್ನು ಟೈಪ್ ಮಾಡಿಸಿದ, ಗೋಡೆಗೆ ಅಂಟಿಸಿದ ಮೇಲೆ ಜೋರಾಗಿ ಓದು ಎಂದ. ಓದಿದಳು. ಕೇಳಿಸಲಿಲ್ಲ ಎಂದು ಇನ್ನೊಂದು ಏಟು ಹಾಕಿದ. ಮತ್ತೆ ಓದಿದಳು. ಗಂಟಲು ಕಟ್ಟುವವರೆಗೆ ಓದಿಸಿದ.

ವೀರಬಸಪ್ಪನವರು ಮಗಳ ಕೈ ನೋಡಿ ಸುಮ್ಮನಿರಲಿಲ್ಲ. ಎರಡೂ ಕಡೆಯವರಿಗೆ ಬೇಕಾದ ಹಿರಿಯರು ಶಿವಮೂರ್ತಪ್ಪ. ಅವರ ಪಡಸಾಲೆಯಲ್ಲಿ ಪಂಚಾಯಿತಿ ಸೇರಿತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದ ಈಶ್ವರ. ಅವನ ತಾಯಿ ರಾಜೇಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಹೌದ್ರಿ, ಎತ್ತಿದೋಳು ನಾನೇ,” ಎಂದರು. ಮಗನ ಮೇಲಿನ ಪ್ರೀತಿಗೆ ಎಂಥ ಸುಳ್ಳೂ ಸಲೀಸು.

“ಕಣ್ಣಿಂದ ಕಂಡೋರು ಯಾರಾದ್ರೂ ಇದಾರೇನಮ್ಮ?” ಎಂದು ಶಿವಮೂರ್ತಪ್ಪ ನೀಲಾಂಬಿಕಳನ್ನು ಕೇಳಿದರು.

ಶಟರ್ ಎಳೆದ ಅಂಗಡಿಯೊಳಗೆ ಯಾರಿರುತ್ತಾರೆ? ಹೊಂದಿಕೊಂಡು ಹೋಗು ತಾಯಿ ಎಂದು ಎಲೆ ಅಡಿಕೆ ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ, ಮಾನ ಕಳೆದೆ ಎಂದು ಈಶ್ವರ ಅವಳ ಮುಖವನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ. ಮುಂದಿನ ಹಲ್ಲೊಂದು ಹೊಸ್ತಿಲ ಮೇಲೆ ಬಿತ್ತು. ರಾಜೇಶ್ವರಮ್ಮ ಅದನ್ನು ಕಸದ ಜೊತೆ ಗುಡಿಸಿದರು. ಕಂಡವರು ಇಲ್ಲದೆ ಬಾಯಿ ಬಿಡಬಾರದು ಎಂದು ನೀಲಾಂಬಿಕ ಕಲಿತದ್ದು ಅಂದು.

ಕಾಣುವ ಕಣ್ಣನ್ನು ಅಂಗಡಿಗೆ ತಂದಿಟ್ಟವನು ಈಶ್ವರನೇ. ಗಿರಾಕಿಗಳ ಮೇಲೆ ಅನುಮಾನ, ಪಕ್ಕದವರ ಮೇಲೆ ಅನುಮಾನ. ಮೂಲೆಯಲ್ಲಿ ಮಾತನ್ನೂ ಹಿಡಿಯುವ ಒಂದು ಕ್ಯಾಮೆರಾ ಹಾಕಿಸಿದ. ಅದರ ರೆಕಾರ್ಡಿಂಗ್ ನೇರ ಅದೇ ಕಂಪ್ಯೂಟರಿಗೆ ಬರುತ್ತಿತ್ತು, ವಾರ ಕಳೆದರೆ ಹಳೆಯದನ್ನು ಅಳಿಸಿ ಹೊಸದು ಕೂರುತ್ತಿತ್ತು. ಯಾರಾದರೂ ಛತ್ರಿ ಮರೆತೆವು, ಪರ್ಸ್ ಬಿಟ್ಟೆವು ಎಂದು ಬಂದರೆ ಹುಡುಕಿ ತೋರಿಸುವುದು ನೀಲಾಂಬಿಕಳ ಕೆಲಸ. ನೋಡುವುದಕ್ಕೆ ಅವಳಿಗೆ ಅಪ್ಪಣೆ ಇತ್ತು. ಕ್ಯಾಮೆರಾ ಕಳ್ಳರಿಗೆ ಎಂದು ನಂಬಿದವನಿಗೆ ಅದು ತನ್ನನ್ನೂ ನೋಡುತ್ತದೆ ಎಂಬುದು ಹೊಳೆಯಲೇ ಇಲ್ಲ.

ಒಂದು ದಿನ ಅಂಗಡಿ ತುಂಬ ಜನ. ಬೆಳಗಿನಿಂದ ಕರೆದು ಕರೆದು ಅವಳಿಗೇ ಸಾಕಾಗಿತ್ತು. ಬಾಯಿ ತಪ್ಪಿ ಅಂದುಬಿಟ್ಟಳು: “ರೀ, ಇಳಿಸೋ ಅಧಿಕಾರ ಒಂದು ನಂಗೂ ಕೊಟ್ಬಿಡ್ರಿ. ನಿಮಗೂ ಓಡಾಟ ತಪ್ತದೆ.”

ನಿಂತಿದ್ದ ಒಬ್ಬರು, ಹೌದಲ್ಲ ಈಶ್ವರಪ್ಪ, ಪಾಪ, ಕೊಡು ಎಂದು ನಕ್ಕರು. ಈಶ್ವರನೂ ನಕ್ಕ. ಊಟದ ಹೊತ್ತಿಗೆ ಜನ ಕರಗುವವರೆಗೆ ನಗುತ್ತಲೇ ಇದ್ದ. ಆಮೇಲೆ ಶಟರ್ ಎಳೆದ.

ಲ್ಯಾಮಿನೇಷನ್ ಯಂತ್ರ ಕಾದಿತ್ತು. ಮೇಜಿನ ಧೂಳು ಒರೆಸುವ ಬಟ್ಟೆಯನ್ನು ಅವಳ ಬಾಯಿಗೆ ತುರುಕಿ, ತಲೆಗೂದಲು ಸುತ್ತಿ ಹಿಡಿದು, ಬಲಗೈಯ ಬೆರಳುಗಳನ್ನು ಬಿಸಿ ಉರುಳೆಗಳ ಬಾಯಿಗೆ ಒತ್ತಿದ. “ಅಧಿಕಾರ ಬೇಕಾ? ತಗ. ತಗ,” ಎನ್ನುತ್ತ ಒತ್ತಿದ. ಅವಳು ಕಾಲಿನಿಂದ ಮೇಜು ಒದ್ದಳು, ಪೇಪರ್ ರಾಶಿ ಉರುಳಿತು. ಪ್ಲಾಸ್ಟಿಕ್ ವಾಸನೆಯ ಜೊತೆ ಸುಟ್ಟ ಚರ್ಮದ ವಾಸನೆ ಎದ್ದಿತು. ಬಿಟ್ಟಾಗ ಬೆರಳ ತುದಿಯ ಚರ್ಮ ಯಂತ್ರದಲ್ಲೇ ಅಂಟಿಕೊಂಡಿತ್ತು. ಅವನು ಅದನ್ನು ಬಟ್ಟೆಯಿಂದ ಒರೆಸಿ, ಪಕ್ಕದ ಪೇಪರ್ ಕಟ್ಟರಿನ ಬ್ಲೇಡನ್ನು ಎತ್ತಿ ಇಳಿಸಿ ತೋರಿಸಿದ.

“ಮುಂದಿನ್ ಸಲ ಇದು,” ಎಂದ. ಕೈ ತೊಳೆದುಕೊಂಡು ಊಟಕ್ಕೆ ಹೋದ.

ಪೇಪರ್ ರಾಶಿಯ ನಡುವೆ ಬಿದ್ದಿದ್ದ ನೀಲಾಂಬಿಕ ಬಾಯಿಯ ಬಟ್ಟೆ ಕಿತ್ತು ಉಸಿರು ಎಳೆದುಕೊಂಡಳು. ತಲೆ ಎತ್ತಿದಾಗ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಕಂಡವರು ಒಬ್ಬರಿದ್ದರು.

ಈ ಸಾಕ್ಷಿ ಕೈ ತಪ್ಪಿದರೆ ಇನ್ನೊಂದು ಸಿಗುವುದಿಲ್ಲ, ಸಿಗುವ ಹೊತ್ತಿಗೆ ಕೈಯೇ ಇರುವುದಿಲ್ಲ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ವಾರದೊಳಗೆ ಆ ರೆಕಾರ್ಡಿಂಗ್ ಅಂಗಡಿಯಿಂದ ಆಚೆ ಹೋಗಬೇಕು. ಅವಳ ಮೊಬೈಲನ್ನು ಅವನು ದಿನವೂ ತೆರೆದು ನೋಡುತ್ತಿದ್ದ. ಇಂಟರ್ನೆಟ್ ಅವನ ಜೇಬಿನಲ್ಲಿದ್ದ ಫೋನಿನಿಂದ ಬರುತ್ತಿತ್ತು, ಅವನು ಇದ್ದರೆ ಮಾತ್ರ. ಉಳಿದದ್ದು ಪೆನ್‌ಡ್ರೈವ್ ಒಂದೇ. ಇಳಿಸುವ ಬದಲು, ಬರೆದು ಮುಗಿಯಲೆಂದು ಕಂಪ್ಯೂಟರನ್ನೇ ಆಫ್ ಮಾಡೋಣವೆಂದರೆ ಮತ್ತೆ ಹಚ್ಚುವುದಕ್ಕೆ ಅವನೇ ಬರಬೇಕು, ನಡುಹಗಲು ಯಾಕೆ ಆರಿಸಿದೆ ಎಂದು ಕೇಳಿಯೇ ಕೇಳುತ್ತಾನೆ. ಉಳಿದದ್ದು ಪೆನ್‌ಡ್ರೈವ್ ಒಂದೇ.

ಮರುದಿನವೇ ಕುಬಟೂರಿನ ವನಜಮ್ಮ ಬಂದರು. ಮಹಿಳಾ ಸಂಘ ನಡೆಸುವ ಗಟ್ಟಿ ಹೆಂಗಸು, ಸಂಘದ ವರದಿ, ಫೋಟೋ ಎಂದು ಆಗಾಗ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು. ನೀಲಾಂಬಿಕಳ ಕೈಗೆ ಸುತ್ತಿದ್ದ ಹಳೆ ಸೀರೆಯ ತುಂಡು ನೋಡಿ ದನಿ ತಗ್ಗಿಸಿದರು.

“ಇದೂ ಬಚ್ಚಲಲ್ಲೇ ಜಾರಿದ್ದೇನೆ ಮಗಾ?”

ನೀಲಾಂಬಿಕ ಎಡಗೈಯಿಂದ ರೆಕಾರ್ಡಿಂಗ್ ತೆರೆದು, ಪರದೆಯನ್ನು ಅವರ ಕಡೆ ಸ್ವಲ್ಪ ತಿರುಗಿಸಿದಳು. ವನಜಮ್ಮ ನೋಡಿದರು. ಅರ್ಧಕ್ಕೇ ಮೇಜಿನ ಅಂಚು ಹಿಡಿದುಕೊಂಡರು.

“ಇದನ್ನ ನನ್ನದಕ್ಕೆ ಹಾಕು,” ಎಂದರು. “ಈಗ್ಲೇ ಹಾಕು.”

ಫೈಲಿಗೆ ‘ಸಂಘದ ಸಭೆ’ ಎಂದು ಹೆಸರಿಟ್ಟು ಹಾಕಿದಳು. ಪರದೆ ಆಯಿತು ಎಂದಿತು. ಆಗಿಲ್ಲ ಎಂದು ಅವಳಿಗೆ ಗೊತ್ತು, ಆ ಪಾಠವನ್ನು ಸ್ಟೀಲ್ ಸ್ಕೇಲಿನಲ್ಲಿ ಕಲಿತವಳು ಅವಳು. ಈಗ ಕಿತ್ತರೆ ವನಜಮ್ಮನ ಕೈಯಲ್ಲಿ ಉಳಿಯುವುದು ಹೆಸರಷ್ಟೇ ಇರಬಹುದು. ಖಾಲಿ ಪೆನ್‌ಡ್ರೈವ್ ಹಿಡಿದು ಮತ್ತೊಮ್ಮೆ ಆ ಪಡಸಾಲೆಗೆ ಹೋಗುವುದಕ್ಕಿಂತ ವರದಾ ನದಿಗೆ ಹೋಗುವುದು ವಾಸಿ. ಇಳಿಸಬೇಕು. ಇಳಿಸುವುದಕ್ಕೆ ಒಬ್ಬನಿಂದ ಮಾತ್ರ ಆಗುತ್ತಿತ್ತು.

ಎದ್ದು ಬಾಗಿಲಿಗೆ ಹೋಗಿ, ದಿನವೂ ಕರೆಯುವ ದನಿಯಲ್ಲೇ ಕರೆದಳು.

“ರೀ, ವನಜಮ್ಮನೋರ ಪೆನ್‌ಡ್ರೈವ್ ಇಳಿಸ್ಬೇಕಿತ್ತು. ಬರ್ರಿ.”

ಈಶ್ವರ ಚಹಾ ಅರ್ಧಕ್ಕೆ ಬಿಟ್ಟು ಬಂದ. ಬರುತ್ತ ಬರುತ್ತಲೇ ಅವಳನ್ನು ಮೊಣಕೈಯಿಂದ ಪಕ್ಕೆಗೆ ತಿವಿದು ಕುರ್ಚಿಯಲ್ಲಿ ಕೂತ. ಪಾಸ್‌ವರ್ಡ್ ಒತ್ತಿದ. ‘ಬರೆಯಲಾಗುತ್ತಿದೆ, ತೆಗೆಯಬೇಡಿ’ ಎಂದು ಪರದೆ ಹೇಳಿತು, ಹೇಳಿ ಹಾಗೇ ನಿಂತಿತು. ದಿನವೂ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

“ಏನಿದು ಇಷ್ಟ್ ದೊಡ್ಡದು?” ಎಂದ. ಮೇಜಿನ ಕೆಳಗೆ ಅವನ ಎಡಗೈ ಅವಳ ಸುಟ್ಟ ಕೈಯನ್ನು ಹುಡುಕಿ ಹಿಡಿಯಿತು. ಬಟ್ಟೆಯ ಮೇಲಿಂದಲೇ ಹೆಬ್ಬೆರಳನ್ನು ಗಾಯಕ್ಕೆ ಒತ್ತಿದ. ಮುಖ ಮಾತ್ರ ವನಜಮ್ಮನ ಕಡೆಗಿತ್ತು, ನಗುತ್ತಿತ್ತು.

ನೀಲಾಂಬಿಕ ನಾಲಿಗೆ ಕಚ್ಚಿ ಹಿಡಿದಳು. ಬಾಯಿಯೊಳಗೆ ಉಪ್ಪುಪ್ಪು ರಕ್ತ ಬಂತು. ಕಣ್ಣು ಕಟ್ಟರಿನ ಬ್ಲೇಡಿನ ಮೇಲೆಯೇ ಇತ್ತು. ಅವನು ಆ ಫೈಲನ್ನು ಒಮ್ಮೆ ಒತ್ತಿದರೆ ಸಾಕು, ಬ್ಲೇಡಿಗೆ ಕೆಲಸ.

“ನಮ್ ಸಂಘದ ಸಭೆ ವಿಡಿಯೋ ಕಣಪ್ಪ,” ಎಂದರು ವನಜಮ್ಮ. ಅವರ ದನಿ ಅಲುಗಲಿಲ್ಲ. “ನೋಡ್ತೀಯೇನು? ನಾನೇ ಭಾಷಣ ಮಾಡೀನಿ.”

“ಹೆಂಗಸ್ರ ಭಾಷಣ ಕೇಳಕ್ಕೆ ನಂಗೆ ಮನೇಲೇ ಒಬ್ಳು ಇದಾಳೆ ಬಿಡ್ರಿ,” ಎಂದು ಈಶ್ವರ ಜೋರಾಗಿ ನಕ್ಕ. ನಗುವಾಗ ಹೆಬ್ಬೆರಳು ಇನ್ನಷ್ಟು ಒಳಗೆ ಇಳಿಯಿತು, ಬಟ್ಟೆ ಒದ್ದೆಯಾಯಿತು.

‘ಈಗ ತೆಗೆಯಬಹುದು’ ಎಂದು ಪರದೆ ಹೇಳಿತು.

ಈಶ್ವರ ಅವಳ ಕೈ ಬಿಟ್ಟ. ಬೆರಳಿಗೆ ಹತ್ತಿದ್ದ ಗಾಯದ ನೀರನ್ನು ಅವಳದೇ ಸೆರಗಿಗೆ ಒರೆಸಿ, ಪೆನ್‌ಡ್ರೈವನ್ನು ಮೆತ್ತಗೆ ತೆಗೆದು, ಎರಡೂ ಕೈಯಲ್ಲಿ ವನಜಮ್ಮನಿಗೆ ಕೊಟ್ಟ. “ತಗೊಳ್ರಮ್ಮ. ಜ್ವಾಪಾನ,” ಎಂದ. ವನಜಮ್ಮ ಅದನ್ನು ಎಲೆ ಅಡಿಕೆ ಚೀಲದೊಳಗೆ ಹಾಕಿ, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊರಬದ ಬಸ್ ಹತ್ತಿದರು.

ಕೈಗೆ ಔಷಧಿ ಹಾಕಿಸಬೇಕು ಎಂಬ ನೆವದಲ್ಲಿ ನೀಲಾಂಬಿಕಳೂ ಎರಡು ದಿನ ಬಿಟ್ಟು ಸೊರಬಕ್ಕೆ ಹೋದಳು, ಮರಳಿ ಬರಲಿಲ್ಲ. ಡಾಕ್ಟರು ಗಾಯ ನೋಡಿ ಬರೆದುಕೊಟ್ಟರು. ವನಜಮ್ಮ ಜೊತೆಗೆ ನಿಂತು ಪೊಲೀಸರಿಗೆ ದೂರು ಕೊಡಿಸಿದರು, ಪೆನ್‌ಡ್ರೈವ್ ಅಲ್ಲಿಗೇ ಸೇರಿತು. ಅದಕ್ಕೆ ಮೊದಲು, ನೀಲಾಂಬಿಕ ಕರೆಸಿದ್ದ ಹೇಮಂತ್ ಅದರದೊಂದು ನಕಲು ತೆಗೆದಿಟ್ಟಿದ್ದ. ಕೈ ಮುರೀತೀನಿ ಎಂಬ ಮಾತಿಗೆ ತಾನು ನಕ್ಕದ್ದು ನೆನಪಾಗಿ, ಆ ವಿಡಿಯೋ ನೋಡಿದ ಮೇಲೆ ಹುಡುಗ ಅನ್ನ ಬಿಟ್ಟಿದ್ದ.

ದೂರಾಯಿತು ಎಂದ ಕೂಡಲೇ ಈಶ್ವರನ ಕಡೆಯವರು ರಾಜಿಗೆ ಓಡಾಡಿದರು. ಮತ್ತೆ ಅದೇ ಪಡಸಾಲೆ, ಅದೇ ಶಿವಮೂರ್ತಪ್ಪ, ಅದೇ ಜಮಖಾನ. ಲ್ಯಾಮಿನೇಷನ್ ಮಾಡುವಾಗ ಎಲ್ಲೋ ನೋಡಿಕೊಂಡು ಕೈ ಸುಟ್ಟುಕೊಂಡಳು ಎಂದ ಈಶ್ವರ. ಹೌದ್ರಿ, ಬೆಣ್ಣೆ ಹಚ್ಚಿದೋಳು ನಾನೇ ಎಂದರು ರಾಜೇಶ್ವರಮ್ಮ. ಶಿವಮೂರ್ತಪ್ಪ ನೀಲಾಂಬಿಕಳ ಕಡೆ ತಿರುಗಿ, ಹಿಂದೆ ಕೇಳಿದ್ದನ್ನೇ ಕೇಳಿದರು.

“ಇದಾರೆ ದೊಡ್ಡಪ್ಪ,” ಎಂದಳು ನೀಲಾಂಬಿಕ. ಹೇಮಂತ್ ಲ್ಯಾಪ್‌ಟಾಪ್ ತೆರೆದು, ನಕಲಿನ ಪೆನ್‌ಡ್ರೈವ್ ಹಾಕಿದ.

ಪಡಸಾಲೆಯ ಜನ ಬಾಗಿ ನೋಡಿದರು. ಬಾಯಿಗೆ ಬಟ್ಟೆ ತುರುಕಿದ್ದು ಕಂಡಿತು. ಕೂದಲು ಸುತ್ತಿ ಹಿಡಿದದ್ದು ಕಂಡಿತು. ತಗ, ತಗ ಎಂದದ್ದು ಕೇಳಿಸಿತು. ವೀರಬಸಪ್ಪನವರು ಎದ್ದು ಹೊರಗೆ ಹೋಗಿ ಜಗಲಿಯ ಕಂಬ ಹಿಡಿದು ನಿಂತರು. ಕಟ್ಟರಿನ ಬ್ಲೇಡ್ ಏರಿ ಇಳಿದಾಗ ರಾಜೇಶ್ವರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಈ ಸಲ ಅದು ಕಣ್ಣೊರೆಸಿಕೊಳ್ಳುವುದಕ್ಕೆ ಅಲ್ಲ.

“ಯಾರ್ ಕೊಟ್ರು ಇದನ್ನ?” ಈಶ್ವರ ಗುಡುಗಿದ. “ನನ್ನ್ ಅಂಗಡಿಯಿಂದ ಯಾರ್ ಆಚೆ ತಂದ್ರು?”

“ನೀನೇ ಕಣಪ್ಪ,” ಎಂದರು ವನಜಮ್ಮ. “ಎರಡೂ ಕೈಯಲ್ಲಿ ಕೊಟ್ಟೆ. ಜ್ವಾಪಾನ ಅಂತ್ಲೂ ಹೇಳ್ದೆ.”

ಈಶ್ವರ ಹಾರಿ ಬಂದು ಪೆನ್‌ಡ್ರೈವನ್ನು ಹಿಡಿದು ಎಳೆದ. ಲ್ಯಾಪ್‌ಟಾಪ್ ಸಮೇತ ಕೆಳಗೆ ಬಿತ್ತು. ಕಿತ್ತು ನೆಲಕ್ಕೆ ಹಾಕಿ, ಹಿಮ್ಮಡಿಯಿಂದ ತುಳಿದ, ಹಾವು ತುಳಿಯುವವನ ಹಾಗೆ ಪುಡಿಯಾದ ಮೇಲೂ ತುಳಿದ.

“ಕೇಳದೆ ಕೀಳಬಾರದು ಅಂತ ನನ್ನತ್ರ ಓದ್ಸಿದ್ರಿ,” ಎಂದಳು ನೀಲಾಂಬಿಕ, ಕೂತಲ್ಲಿಂದಲೇ. “ನೀವು ಯಾರನ್ನ ಕೇಳಿದ್ರಿ?”

ಅವನ ಮುಷ್ಟಿ ಅವಳ ಬಾಯಿಗೆ ಬಿತ್ತು. ಅವಳು ಕೈ ಅಡ್ಡ ಹಿಡಿಯಲಿಲ್ಲ. ಹಿಂದಕ್ಕೆ ಬಿದ್ದವಳು ಎಡಗೈ ಊರಿ ಎದ್ದು, ರಕ್ತ ಒರೆಸಿಕೊಳ್ಳದೆ ನೆಟ್ಟಗೆ ಕೂತು ಶಿವಮೂರ್ತಪ್ಪನವರ ಮುಖ ನೋಡಿದಳು. ಕಣ್ಣಿಂದ ಕಂಡೋರು ಯಾರು ಎಂದು ಶಿವಮೂರ್ತಪ್ಪ ಕೇಳಲಿಲ್ಲ. ತಾವೇ ಎದ್ದು, ಮತ್ತೆ ಎತ್ತಿದ್ದ ಆ ಕೈಯನ್ನು ಹಿಡಿದುಕೊಂಡರು, ಪೊಲೀಸರಿಗೆ ಫೋನ್ ಮಾಡಿ ಎಂದು ಜನರಿಗೆ ಹೇಳಿದರು.

ಕೇಸು ಇನ್ನೂ ನಡೆಯುತ್ತಿದೆ. ನೀಲಾಂಬಿಕ ಈಗ ಸೊರಬದಲ್ಲಿ ಒಂದು ಸಣ್ಣ ಮಳಿಗೆ ಹಿಡಿದಿದ್ದಾಳೆ. ಬಲಗೈಯ ಬೆರಳುಗಳು ಪೂರ್ತಿ ಮಡಿಸುವುದಿಲ್ಲ, ಟೈಪಿಂಗ್ ಮೊದಲಿನ ಅರ್ಧಕ್ಕೆ ಇಳಿದಿದೆ. ಲ್ಯಾಮಿನೇಷನ್ ಯಂತ್ರ ಇಡಲಿಲ್ಲ, ಬೇಕಾದವರನ್ನು ಪಕ್ಕದ ಅಂಗಡಿಗೆ ಕಳಿಸುತ್ತಾಳೆ. ಹೇಮಂತ್ ಬಂದು ಅದೇ ಲಿನಕ್ಸ್ ಹಾಕಿದ. ಪೆನ್‌ಡ್ರೈವ್ ಇಳಿಸುವ ಅಧಿಕಾರ ಯಾರಿಗೆ ಇಡಲಕ್ಕ ಎಂದಾಗ, ಕೂತು ಕೆಲಸ ಮಾಡುವವರಿಗೆಲ್ಲ ಇಡು ಎಂದಳು.

ಗಿರಾಕಿಗಳಿಗೆಂದೇ ಒಂದು ಕಂಪ್ಯೂಟರ್ ಇಟ್ಟಿದ್ದಾಳೆ. ಮೊನ್ನೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅದರ ಮುಂದೆ ಕೂತು ಫೋಟೋ ಹಾಕಿಕೊಂಡು, ಕೈ ಹಿಂದಕ್ಕೆ ಎಳೆದುಕೊಂಡು ಕೇಳಿದಳು: “ಅಕ್ಕಾ, ನಾನೇ ತೆಗೀಬೋದಾ?”

“ಇಳಿಸು ಅಂತ ಒತ್ತು. ತೆಗೀಬೋದು ಅಂತ ಅದು ಹೇಳ್ತದೆ,” ಎಂದಳು ನೀಲಾಂಬಿಕ. “ನನ್ನನ್ನ ಕೇಳ್ಬೇಡ. ನಿಂದು ಅದು.”